ಸಮುದ್ರ ಸಿಹಿ ಮಾಡುವವರ ಪರವಾಗಿ

ಒಂದು ದುಷ್ಟಕೂಟದ ಪರವಾಗಿ ನಾನು ಎರಡು ತಿಂಗಳು ವಕಾಲತ್ತು ವಹಿಸಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ನೋಡುವುದಕ್ಕೆ ನಾನು ಹಾಗೆ ಕಾಣುವುದಿಲ್ಲ. ಐವತ್ತೊಂದು ವರ್ಷ ವಯಸ್ಸು, ದಪ್ಪ ಗಾಜಿನ ಕನ್ನಡಕ, ಅಂಬತ್ತೂರಿನ ವಿಮಾ ಕಚೇರಿಯೊಂದರಲ್ಲಿ ಕೆಲಸ. ಕಾರ್ಖಾನೆಗೆ ಬೆಂಕಿ ಬಿದ್ದರೆ ಹೋಗಿ, ಬೂದಿ ಕೆದಕಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಇಟ್ಟರೋ ಎಂದು ವರದಿ ಬರೆಯುವವಳು. ಇಂಥವಳು ನೀಲಿ ಅಂಗಿ ತೊಟ್ಟ ಖಳರ ಗುಂಪೊಂದರ ಮೇಲೆ ಮಮತೆ ಬೆಳೆಸಿಕೊಂಡದ್ದು, ಅವರಿಗಾಗಿ ಊಟದ ಹೊತ್ತಿನಲ್ಲಿ ಪುಟಗಟ್ಟಲೆ ಬರೆದದ್ದು, ಕೊನೆಗೆ ಮಗಳ ಮುಂದೆ ತಲೆತಗ್ಗಿಸಿ ಕೂತದ್ದು ಹೇಗೆಂದು ಹೇಳುತ್ತೇನೆ.

ನಮ್ಮ ಮನೆ ಪೆರಂಬೂರಿನಲ್ಲಿ. ಮನೆಯವರು ರೈಲು ಡಬ್ಬಿ ಕಟ್ಟುವ ಕಡೆ ಇಂಜಿನಿಯರು. ಮಗಳು ಸಿರಿ ಆಗ ಪ್ಲಸ್ ಟು. ನಾವಿಬ್ಬರೂ ಅವಳೊಂದಿಗೆ ನಂಜನಗೂಡಿನ ಕನ್ನಡದಲ್ಲಿ ಮಾತಾಡುತ್ತೇವೆ, ಅವಳು ಪೆರಂಬೂರಿನ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಹದಿನೇಳು ವರ್ಷದಿಂದ ಸಂಸಾರ ಹೀಗೇ ನಡೆದಿದೆ. ಅವಳಿಗೆ ಒಂಬತ್ತು ವರ್ಷವಾದಾಗ ಅವಳ ಚಿಕ್ಕಪ್ಪ ಅಂಗೈಯಗಲದ ಒಂದು ಆಟದ ಯಂತ್ರ ಕೊಡಿಸಿದ್ದ. ಅದರೊಳಗಿನ ಲೋಕದಲ್ಲಿ ಅಲೆದು ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಕಾಳಗಕ್ಕೆ ಬಿಡಬೇಕು. ಎಂಟು ವರ್ಷ ಅವಳು ಅದನ್ನೇ ಆಡಿದಳು. ಪಬ್ಲಿಕ್ ಪರೀಕ್ಷೆಗೆ ಮೂರು ತಿಂಗಳಿದೆ ಎನ್ನುವಾಗ ನಾನು ಅದನ್ನು ಕಿತ್ತುಕೊಂಡು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ. ಕೊನೆಯ ಪರೀಕ್ಷೆಯ ದಿನ ವಾಪಸು ಕೊಡುತ್ತೇನೆ ಎಂದೆ. ಅವಳು "ಸರಿ" ಎಂದಳು. ಆ ಸರಿ ಕನ್ನಡದ್ದೋ ತಮಿಳಿನದೋ ಹೇಳಲು ಬರುವಂತಿರಲಿಲ್ಲ. ಜಗಳವಾಡದ ಮಗಳನ್ನು ಕಂಡು ನಾನು ಹೆದರಬೇಕಿತ್ತು. ಹೆದರಲಿಲ್ಲ, ಹೆಮ್ಮೆಪಟ್ಟೆ.

ಒಂದು ವಾರದ ನಂತರ ಆ ಯಂತ್ರವನ್ನು ಹೊರಗೆ ತೆಗೆದೆ. ಮಗಳ ತಲೆಯನ್ನು ಎಂಟು ವರ್ಷ ತಿಂದದ್ದು ಏನೆಂದು ಪರಿಶೀಲಿಸುವುದು ತಾಯಿಯ ಕರ್ತವ್ಯ ಎಂದು ನನಗೆ ನಾನೇ ಹೇಳಿಕೊಂಡೆ. ಹಳೆಯ ಆಟ ಮುಂದುವರಿಸುತ್ತೀರೋ, ಹೊಸದು ಶುರುಮಾಡುತ್ತೀರೋ ಎಂದು ಪರದೆ ಕೇಳಿತು. ಇನ್ನೊಬ್ಬರು ಅರ್ಧ ಮಾಡಿದ ಅಡುಗೆಗೆ ಸೌಟು ಹಾಕುವುದು ನನಗಾಗದು. ಹೊಸದು ಎಂದು ಒತ್ತಿದೆ. ಆಟವನ್ನು ಉಳಿಸಿಡುವಾಗ ಸಣ್ಣಕ್ಷರದಲ್ಲಿ ಏನೋ ಎಚ್ಚರಿಕೆ ಬಂತು. ಅದಕ್ಕೂ ಹೌದು ಎಂದು ಒತ್ತಿದೆ. ಸಹಿ ಹಾಕುವ ಮುಂಚೆ ಸಣ್ಣಕ್ಷರ ಓದಿ ಎಂದು ಇಪ್ಪತ್ತಾರು ವರ್ಷ ಗ್ರಾಹಕರಿಗೆ ಬೋಧಿಸಿದವಳು ನಾನು.

ಬೆಳಗಿನ ಲೋಕಲ್ ರೈಲಿನಲ್ಲಿ ಪೆರಂಬೂರಿಂದ ಕಚೇರಿಗೆ ಹತ್ತಿರದ ಪಟ್ಟರವಾಕ್ಕಂವರೆಗೆ ಆಡುತ್ತಿದ್ದೆ. ಪಕ್ಕದ ಹೆಂಗಸರು ಮಲ್ಲಿಗೆ ಕಟ್ಟುತ್ತಿದ್ದರು, ನಾನು ಬಾಲದಲ್ಲಿ ದೀಪ ಹೊತ್ತ ಇಲಿಗಳನ್ನು ಹಿಡಿಯುತ್ತಿದ್ದೆ. ವಿಮೆಯವಳ ಕಣ್ಣಿಗೆ ಆ ಲೋಕದ ಕುಂದುಗಳು ಒಂದೊಂದಾಗಿ ಕಾಣತೊಡಗಿದವು. ಹತ್ತು ವರ್ಷದ ಮಕ್ಕಳು ಒಬ್ಬೊಬ್ಬರೇ ಮನೆಬಿಟ್ಟು ಹೋಗುತ್ತಾರೆ, ತಾಯಂದಿರು ಬಾಗಿಲಲ್ಲಿ ನಿಂತು ಕೈಬೀಸುತ್ತಾರೆ. ಪ್ರಾಣಿಗಳಿಗೆ ಊರೂರಿಗೆ ಆಸ್ಪತ್ರೆಯಿದೆ, ಮನುಷ್ಯರಿಗೆ ಒಂದೂ ಇಲ್ಲ. ಮನೆಗಳೆಲ್ಲ ಮರದವು, ಬೆಂಕಿ ಉಗುಳುವ ಪ್ರಾಣಿಯನ್ನು ಒಳಗೇ ಮಲಗಿಸುತ್ತಾರೆ. ಆದರೂ ಇಡೀ ಭೂಪಟದಲ್ಲಿ ಒಂದು ವಿಮಾ ಕಚೇರಿಯಿಲ್ಲ! ಹೇಗಿದ್ದೀತು? ಅಲ್ಲಿ ಕಚೇರಿ ತೆರೆದವನು ಸಂಜೆಯೊಳಗೆ ಬಾಗಿಲು ಹಾಕಬೇಕು.

ಆಮೇಲೆ ಬಂದರು ನೀಲಿ ಅಂಗಿಯವರು. ಇಂಥ ಆಟಗಳಲ್ಲಿ ಒಂದೊಂದರಲ್ಲೂ ಒಂದೊಂದು ದುಷ್ಟಕೂಟ ಇರುತ್ತದಂತೆ, ಅದಕ್ಕೊಂದು ಭಯಂಕರ ಗುರಿಯಿರುತ್ತದಂತೆ. ಇವರ ಗುರಿ ಏನು ಗೊತ್ತೇ? ಸಮುದ್ರದ ತಳದಲ್ಲಿ ಮಲಗಿರುವ ಒಂದು ಮಹಾಪ್ರಾಣಿಯನ್ನು ಎಬ್ಬಿಸಿ, ಅದರ ಕೈಲಿ ಕಡಲಿನ ಉಪ್ಪನ್ನೆಲ್ಲ ನೆಕ್ಕಿಸಿ, ಲೋಕದ ನೀರನ್ನೆಲ್ಲ ಸಿಹಿ ಮಾಡುವುದು.

ನಾನು ಯಂತ್ರವನ್ನು ತೊಡೆಯ ಮೇಲಿಟ್ಟು ಕಿಟಕಿಯಾಚೆ ನೋಡಿದೆ. ಇದರಲ್ಲಿ ದುಷ್ಟತನ ಎಲ್ಲಿದೆ? ಬೇಸಿಗೆಯಲ್ಲಿ ನೀರಿನ ಲಾರಿಯ ಹಿಂದೆ ಬಿಂದಿಗೆ ಹಿಡಿದು ಓಡಿದ ಯಾವ ಚೆನ್ನೈ ಹೆಂಗಸು ಇವರನ್ನು ಖಳರೆಂದಾಳು? ನಮ್ಮ ಅಗಸ್ತ್ಯರು ಸಮುದ್ರವನ್ನೇ ಆಪೋಶನ ಮಾಡಿದರು, ಅವರನ್ನು ಮಹರ್ಷಿ ಎಂದು ಕೈಮುಗಿಯುತ್ತೇವೆ. ಈ ಬಡಪಾಯಿಗಳು ನೀರು ಬಿಟ್ಟು ಬರೀ ಉಪ್ಪು ತೆಗೆಯುತ್ತೇವೆ ಎಂದರೆ ಹತ್ತು ವರ್ಷದ ಹುಡುಗಿಯೊಬ್ಬಳು ಬಂದು ಹೊಡೆದು ಓಡಿಸಬೇಕೆ? ಆಟದ ನಿಯಮದಂತೆ ಆ ಹುಡುಗಿ ನಾನೇ ಆಗಿದ್ದೆ. ಒಬ್ಬೊಬ್ಬ ನೀಲಿ ಅಂಗಿಯವನನ್ನು ಸೋಲಿಸುವಾಗಲೂ ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು.

ನನ್ನ ಸಂಕಟ ಹೇಳಿಕೊಳ್ಳಲು ಜನ ಬೇಕಿತ್ತು. ಹುಡುಕಿದಾಗ ಸಿಕ್ಕಿತು ಅಂತರ್ಜಾಲದ ಒಂದು ಚರ್ಚಾಕೂಟ. ಅಲ್ಲಿ ಈ ಆಟದ ಮೇಲೆ ಜನ ಇಂಗ್ಲಿಷಿನಲ್ಲಿ ಸಿದ್ಧಾಂತಗಳನ್ನು ಕಟ್ಟುತ್ತಾರೆ, ಶಾಸ್ತ್ರಾರ್ಥ ನಡೆಸುತ್ತಾರೆ, ಸೋತವರು ಮುನಿಸಿಕೊಂಡು ಹೋಗಿ ಎರಡು ದಿನಕ್ಕೆ ಮತ್ತೆ ಬರುತ್ತಾರೆ. ಹೆಸರು ಕೊಡಿ ಎಂದಿತು. ಅಂದಿನ ಡಬ್ಬಿಯಲ್ಲಿದ್ದದ್ದು ಉಪ್ಪಿಟ್ಟು. ಅದನ್ನೇ ಕೊಟ್ಟೆ.

ಉಪ್ಪಿಟ್ಟು ಬೇಗ ಹೆಸರು ಮಾಡಿತು. ನೀಲಿ ಅಂಗಿಯವರ ನೆಲಮಾಳಿಗೆಯ ಅಡ್ಡಾದಲ್ಲಿ ಏಳು ಲಿಫ್ಟುಗಳಿವೆ, ಆದ್ದರಿಂದ ನಗರಸಭೆಯ ಒಪ್ಪಿಗೆಯಿಲ್ಲದೆ ಅದನ್ನು ಕಟ್ಟಿರಲು ಸಾಧ್ಯವಿಲ್ಲ ಎಂದು ಬರೆದೆ. ಅಷ್ಟೂ ಅಂಗಿಗಳ ತೋಳು ಒಂದೇ ಅಳತೆಯಲ್ಲಿರುವುದರಿಂದ ಊರಿನಲ್ಲಿ ಯಾರೋ ದರ್ಜಿಗೆ ಎಲ್ಲ ಗೊತ್ತಿದೆ ಎಂದೆ. ನನ್ನ ಮಹಾಪ್ರಬಂಧ ಯಾವುದೆಂದರೆ, ಅವರು ಮೂಲತಃ ಒಂದು ವಿಮಾ ಕಂಪನಿಯಾಗಿದ್ದರು, ಬೆಂಕಿ ಉಗುಳುವ ಪ್ರಾಣಿಗಳ ಕ್ಲೇಮುಗಳನ್ನು ತಾಳಲಾರದೆ ದಿವಾಳಿಯೆದ್ದು, ಬೆಂಕಿಯ ಮೇಲಿನ ದ್ವೇಷಕ್ಕೆ ನೀರಿನ ಪಕ್ಷ ಸೇರಿದರು ಎಂಬುದು. ಬ್ರೆಜಿಲ್‌ನಿಂದ ಒಬ್ಬರು ಕಣ್ಣೀರು ಬಂತು ಎಂದು ಬರೆದರು.

ನನ್ನನ್ನು ಬಿಡದೆ ಎದುರಿಸಿದ್ದು ಒಬ್ಬರೇ. 'ಒದ್ದೆ ಆಮೆ' ಎಂಬರ್ಥದ ಇಂಗ್ಲಿಷ್ ಹೆಸರು. ನಾನು ಏನು ಬರೆದರೂ ಆಮೆ ಬಂದು ಬುಡಕ್ಕೆ ಕೈಹಾಕುತ್ತಿತ್ತು. ನೀರು ಸಿಹಿಯಾದರೆ ಉಪ್ಪುನೀರಿನ ಪ್ರಾಣಿಗಳ ಗತಿಯೇನು? ಅವುಗಳನ್ನು ಯಾರಾದರೂ ಕೇಳಿದರಾ? ನಾನು ಮಾನವ ಕಲ್ಯಾಣ ಎನ್ನುತ್ತಿದ್ದೆ, ಆಮೆ ಹವಳದ ಹೆಸರು ಹೇಳುತ್ತಿತ್ತು. ಅಷ್ಟು ಸೊಗಸಾಗಿ ಜಗಳವಾಡುವವರು ಕಚೇರಿಯಲ್ಲೂ ಸಿಕ್ಕಿರಲಿಲ್ಲ. ಆಮೆ ಬರೆಯದ ದಿನ ನನಗೆ ಮೊಸರನ್ನ ರುಚಿಸುತ್ತಿರಲಿಲ್ಲ.

ಹೀಗಿರುವಾಗ ಯಾರೋ ಹೊಸಬರು ಚರ್ಚಾಕೂಟದಲ್ಲಿ ಒಂದು ಪ್ರಶ್ನೆ ಹಾಕಿದರು. ನನ್ನ ತಮ್ಮ ಹೊಸ ಆಟ ಶುರುಮಾಡಿ ಉಳಿಸಿಟ್ಟುಬಿಟ್ಟಿದ್ದಾನೆ, ನನ್ನ ಹಳೆಯ ಪ್ರಾಣಿಗಳು ಎಲ್ಲಿ ಸಿಗುತ್ತವೆ? ಕೆಳಗೆ ನಲವತ್ತು ಜನ ಸಾವಿನ ಮನೆಯಲ್ಲಿ ಆಡುವಂಥ ಮಾತುಗಳನ್ನು ಬರೆದಿದ್ದರು. ನನ್ನ ಕಿವಿ ಬಿಸಿಯಾಯಿತು. ಹಳೆಯದು ಎಲ್ಲೋ ಒಂದು ಕಡೆ ಇದ್ದೇ ಇರುತ್ತದಲ್ಲವೇ ಎಂದು ಉಪ್ಪಿಟ್ಟಿನ ಹೆಸರಲ್ಲಿ ಕೇಳಿದೆ. ಒದ್ದೆ ಆಮೆ ಉತ್ತರಿಸಿತು: "ಇಲ್ಲ. ಹೋಯಿತೆಂದರೆ ಹೋಯಿತು."

ನಾನು ಇಳಿಯಬೇಕಾದ ನಿಲ್ದಾಣ ದಾಟಿ ಆವಡಿಯಲ್ಲಿ ಇಳಿದೆ.

ಒಂಬತ್ತನೆಯ ವಯಸ್ಸಿನಿಂದ ಸಿರಿ ಸಾಕಿದ್ದನ್ನೆಲ್ಲ ನಾನು ಒಂದು ಗುಂಡಿಯೊತ್ತಿ ಅಳಿಸಿದ್ದೆ. ಭಾನುವಾರ ಅವಳು ಟ್ಯೂಷನ್ನಿಗೆ ಹೋದಾಗ ಮನೆಯವರಿಗೆ ಹೇಳಿದೆ. ಅವರು ಯಂತ್ರವನ್ನು ತಿರುಗಿಸಿ ನೋಡಿ, "ರಿಪೇರಿಗೆ ಬರಲ್ವೇನೇ ಇದು?" ಎಂದರು.

"ಒಳಗಿದ್ದ ಪ್ರಾಣಿಗಳು ಹೋಗಿವೆ ಕಣ್ರೀ."

"ಹೋಗಿದ್ರೆ ಬೇರೆ ಹಾಕಿಡೋಣ. ಯಾವ್ಯಾವ್ದು ಇತ್ತು?"

ಅದೇ ನನಗೆ ಗೊತ್ತಿರಲಿಲ್ಲ. ಎಂಟು ವರ್ಷ ಪಕ್ಕದಲ್ಲೇ ಕೂತು ಆಡಿದ ಮಗಳ ಕೈಯಲ್ಲಿ ಏನಿದೆ ಎಂದು ನಾನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಆದರೂ ಅವರು ಪಟ್ಟು ಬಿಡಲಿಲ್ಲ. ಮುಂದಿನ ಮೂರು ಭಾನುವಾರ ರೈಲ್ವೆಯ ಹಿರಿಯ ಇಂಜಿನಿಯರೂ ವಿಮಾ ಅಧಿಕಾರಿಯೂ ಸೋಫಾದಲ್ಲಿ ಒತ್ತಿಕೊಂಡು ಕೂತು, ಕಂಡಕಂಡ ಪ್ರಾಣಿಗಳನ್ನೆಲ್ಲ ಹಿಡಿದೆವು. "ಬಿಡ್ಬೇಡ ಕಣೇ, ಹುಲ್ಲೊಳಗೆ ಓಡ್ತು, ಓಡ್ತು!" ಎಂದು ಅವರು ಕೂಗಿದ್ದು ಕೇಳಿ ಎದುರು ಮನೆಯವರು ಹೆಗ್ಗಣ ಬಂದಿರಬೇಕೆಂದು ಕೋಲು ತಂದರು.

ಪರೀಕ್ಷೆಗಳು ಶುರುವಾಗಿ ಮುಗಿಯುತ್ತ ಬಂದವು. ಇದರ ನಡುವೆ ಇನ್ನೊಂದು ತಕರಾರು ಇತ್ತು. ಸಿರಿಗೆ ದಕ್ಷಿಣದ ತುದಿಯ ಬಂದರು ತೂತ್ತುಕುಡಿಗೆ ಹೋಗಿ ಮೀನುಗಳ ವಿಜ್ಞಾನ ಓದಬೇಕು. ಮೀನನ್ನು ಬಾಯಿಗೂ ಇಡದ ಮನೆಯಲ್ಲಿ ಇದೆಂಥ ಓದು ಎಂದು ನಾನು ಚೆನ್ನೈನಲ್ಲೇ ಬಿ.ಕಾಂ.ಗೆ ವ್ಯವಸ್ಥೆ ಮಾಡುತ್ತಿದ್ದೆ. ಅವಳ ಒಳ್ಳೆಯದಕ್ಕೆ.

ಕೊನೆಯ ಪರೀಕ್ಷೆಯ ದಿನ, ಊಟದ ಹೊತ್ತಿನಲ್ಲಿ ಚರ್ಚಾಕೂಟವನ್ನು ತೆರೆದೆ. ಒದ್ದೆ ಆಮೆ ಉದ್ದದ ಒಂದು ಲೇಖನ ಹಾಕಿತ್ತು. ನೀಲಿ ಅಂಗಿಯವರ ನಾಯಕ ಕ್ರೂರಿಯಲ್ಲ, ಉಪ್ಪಿಟ್ಟು ಹೇಳುವುದು ನಿಜ, ಅವನಿಗೆ ಎಲ್ಲರೂ ಚೆನ್ನಾಗಿರಬೇಕು. ಅವನ ತಪ್ಪು ಒಂದೇ, ಇನ್ನೊಬ್ಬರ ಸಮುದ್ರ ಹೇಗಿರಬೇಕೆಂದು ಅವರನ್ನು ಕೇಳದೆ ತೀರ್ಮಾನಿಸುತ್ತಾನೆ. ತಪ್ಪಾಯಿತೆಂದು ಗೊತ್ತಾದ ಮೇಲೂ ಒಪ್ಪಿಕೊಳ್ಳುವುದಿಲ್ಲ, ಮುಚ್ಚಿಡಲು ಇನ್ನೂ ದೊಡ್ಡ ಯೋಜನೆ ಹಾಕುತ್ತಾನೆ. ನಮ್ಮಮ್ಮನೂ ಹೀಗೇ. ನಂಬಿಕೆಯಿಲ್ಲದಿದ್ದರೆ ಎಣ್ಣೂರಿಗೆ ಹೋಗಿ ಬಲೆ ಹಾಕುವವರನ್ನು ಕೇಳಿ, ಕಡಲು ಸಿಹಿಯಾಗಬೇಕಾ ಅಂತ.

ಎಣ್ಣೂರು ಎಂಬಲ್ಲಿ ನನ್ನ ಕೈ ತುತ್ತಿನಲ್ಲೇ ನಿಂತಿತು. ಈ ಆಟ ಆಡುವ ಇಷ್ಟು ದೊಡ್ಡ ಲೋಕದಲ್ಲಿ ನಮ್ಮ ಚೆನ್ನೈ ಅಂಚಿನ ಎಣ್ಣೂರಿನ ಹೆಸರೆತ್ತುವವರು ಯಾರು? ಎರಡು ವರ್ಷದ ಹಿಂದೆ ಶಾಲೆಯಿಂದ ಅಲ್ಲಿಗೆ ಹೋಗಿಬಂದು, ಮೀನುಗಾರರ ದೋಣಿ ಹತ್ತಿದೆ ಎಂದು ವಾರವೆಲ್ಲ ಹೇಳಿದವಳು ನಮ್ಮ ಮನೆಯಲ್ಲಿದ್ದಳು.

ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಸಿರಿ ಪರೀಕ್ಷೆ ಮುಗಿಸಿ ಬಂದು ಊಟದ ಮೇಜಿನಲ್ಲಿ ಕಡಲೆ ತಿನ್ನುತ್ತಿದ್ದಳು. ಬೀರುವಿನಿಂದ ಯಂತ್ರ ತಂದು ಮುಂದಿಟ್ಟೆ. ದಾರಿಯಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋದವು.

"ಸಿರಿ, ನಿನ್ನ ಪ್ರಾಣಿಗಳೆಲ್ಲ ಹೋದ್ವು ಕಣೇ. ನಾನೇ ಅಳಿಸಿಬಿಟ್ಟೆ. ಗೊತ್ತಿಲ್ದೆ ಮಾಡ್ದೆ, ಆದ್ರೆ ಗೊತ್ತಾದ ಮೇಲೂ ಒಂದು ತಿಂಗಳು ಹೇಳ್ಲಿಲ್ಲ."

ಅವಳು ಕಡಲೆ ತಿನ್ನುವುದನ್ನು ನಿಲ್ಲಿಸಲಿಲ್ಲ. "ತೆರಿಯುಂಮಾ," ಎಂದಳು. ಗೊತ್ತು ಎಂದರ್ಥ.

"ಏನು ಗೊತ್ತು?"

"ಎಲ್ಲಾ. ಉಪ್ಪಿಟ್ಟು ಅಂತ ಹೆಸರಿಟ್ಕೊಂಡು, ಎಲ್ಲದಕ್ಕೂ ಇನ್ಶೂರೆನ್ಸ್ ಅಂತ ಬರೆಯೋರು ಇನ್ಯಾರಿದಾರಮ್ಮ? ಮೊದಲನೇ ವಾರವೇ ಗೊತ್ತಾಯ್ತು. ನೀನು ಮೊದಲನೇ ಊರಲ್ಲಿ ಇದೀನಿ ಅಂತ ಬರೆದಿದ್ದೆ. ಹಾಗಂದ್ರೆ ಹೊಸ ಆಟ. ಹಾಗಂದ್ರೆ ನಂದು ಹೋಯ್ತು."

ಅವಳು ಕನ್ನಡದಲ್ಲಿ ಮಾತಾಡುತ್ತಿದ್ದಳು. ಒಂದೇ ಉಸಿರಿಗೆ ಇಷ್ಟು ಕನ್ನಡ ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

"ಮೂರು ದಿನ ಅತ್ತೆ," ಎಂದಳು. "ನೀನು ಪರೀಕ್ಷೆ ಭಯ ಅಂದ್ಕೊಂಡು ನಿಂಬೆ ಪಾನಕ ಮಾಡಿಕೊಟ್ಟೆ."

ನನಗೆ ನೆನಪಿತ್ತು. ಏಲಕ್ಕಿ ಹಾಕಿದ್ದೆ.

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಆಮೇಲೆ ನಿನ್ ಜೊತೆ ಜಗಳ ಆಡೋದು ಚೆನ್ನಾಗಿತ್ತು. ಮನೇಲಿ ನೀನು ನಾನು ಹೇಳೋದು ಪೂರ್ತಿ ಕೇಳಲ್ಲ. ಅಲ್ಲಿ ನೀನು ಓದ್ತಿದ್ದೆ. ಉತ್ತರಾನೂ ಬರೀತಿದ್ದೆ."

ನಾನು ತಲೆತಗ್ಗಿಸಿ ಕೂತೆ. ಅವಳು ಕೈ ಒರೆಸಿಕೊಂಡು ಯಂತ್ರವನ್ನು ತೆರೆದು, ನಾವು ಗಂಡಹೆಂಡತಿ ಹಿಡಿದಿಟ್ಟ ದಂಡನ್ನು ನೋಡತೊಡಗಿದಳು. ಅರವತ್ತು ಇಲಿಗಳೇ ಇದ್ದವು. ಅವಳ ತುಟಿ ಕೊಂಕಿತು. ಆಮೇಲೆ ಒಂದರ ಮೇಲೆ ಬೆರಳು ನಿಲ್ಲಿಸಿದಳು. ನನಗೆ ಮೊದಲ ದಿನ ಸಿಕ್ಕಿದ ಮರಿ, ದುಂಡನೆಯ ನೀರುನಾಯಿಯಂಥದ್ದು. ನನ್ನ ಕಾಳಗಗಳನ್ನೆಲ್ಲ ಗೆದ್ದುಕೊಟ್ಟದ್ದು ಅದೇ.

"ಅಮ್ಮ, ಇದು ಇಷ್ಟು ಹೊತ್ತಿಗೆ ದೊಡ್ಡದಾಗಿರ್ಬೇಕಿತ್ತು. ಯಾಕೆ ಇನ್ನೂ ಮರಿಯಾಗೇ ಇದೆ?"

ಅದು ಆಗಾಗ ಮೈತುಂಬ ಹೊಳೆಯುತ್ತಿತ್ತು, ನನಗೆ ಗಾಬರಿಯಾಗುತ್ತಿತ್ತು, ಒಂದು ಗುಂಡಿ ಒತ್ತಿದರೆ ನಿಲ್ಲುತ್ತಿತ್ತು. ಹಾಗೆಂದು ಹೇಳಿದೆ.

"ಅದು ಬೆಳೆಯೋದು. ಪ್ರತಿ ಸಲಾನೂ ನಿಲ್ಲಿಸಿದೆಯಾ?"

"ಚಿಕ್ಕದಾಗಿ ಎಷ್ಟು ಚೆನ್ನಾಗಿತ್ತು," ಎಂದೆ. ಮಾತು ಬಾಯಿಂದ ಹೊರಟ ಮೇಲೆ ಅದು ನನಗೇ ಕೇಳಿಸಿತು. ಸಿರಿ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

ಅವಳು ಒಂದು ಸಣ್ಣ ಕಾಳಗ ಗೆದ್ದು ಯಂತ್ರವನ್ನು ನನ್ನ ಮುಂದೆ ಹಿಡಿದಳು. ಮರಿ ಹೊಳೆಯತೊಡಗಿತು. "ಏನೂ ಒತ್ಬೇಡ," ಎಂದಳು. ನಾನು ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಹೊಳಪು ಇಳಿದಾಗ ಅಲ್ಲಿದ್ದದ್ದು ಕೋರೆಹಲ್ಲು, ಗಡ್ಡ, ಬೆನ್ನ ತುಂಬ ಮುಳ್ಳುಗಳಿದ್ದ ಒಂದು ಭಾರಿ ಜಂತು. ಲಕ್ಷಣವಾಗಿತ್ತು ಎಂದು ಸುಳ್ಳು ಹೇಳಲಾರೆ.

"ಹೇಗಿದೆ?" ಎಂದಳು.

"ತೂತ್ತುಕುಡಿಯಲ್ಲಿ ಇಂಥವೇ ಇರ್ತಾವಾ?" ಎಂದು ಕೇಳಿದೆ. ಅವಳು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಅಲ್ಲಿ ಏನೇನಿರುತ್ತದೆಂದು ಹೇಳಲು ಶುರುಮಾಡಿದಳು. ಅರ್ಧ ತಮಿಳು, ಅರ್ಧ ಇಂಗ್ಲಿಷು, ನಡುವೆ ಅಲ್ಲಲ್ಲಿ ಒಂದು ಕನ್ನಡದ ಮಾತು. ಎಷ್ಟೋ ನನಗೆ ಅರ್ಥವಾಗಲಿಲ್ಲ. ಪೂರ್ತಿ ಕೇಳಿದೆ.