ಸೂತಕ ಬ್ಯಾರೆ, ಉಡಿ ಬ್ಯಾರೆ

ಮಗಳ ಮದುವೆಗೆ ಇಂಡಿ ಊರಿನ ನಮ್ಮ ಮನೆ ಮುಂದೆ ಹಂದರ ಹಾಕುತ್ತಿದ್ದಾಗಲೇ ಮುದ್ದೇಬಿಹಾಳದಿಂದ ಫೋನ್ ಬಂತು. ದೂರದ ದಾಯಾದಿಗಳ ಪೈಕಿ ಹಿರಿಯರೊಬ್ಬರು ತೀರಿಕೊಂಡಿದ್ದರು. ಮಣ್ಣಿಗೆ ಹೋಗಿ ಬಂದೆ. ಹೋದವರಿಗಾಗಿ ಮರುಗಬೇಕಾದವನು ದಾರಿಯುದ್ದಕ್ಕೂ ಸೂತಕದ ಚಿಂತೆ ಮಾಡಿದೆ. ಚಿಂತೆ ನನ್ನ ಕಸುಬು. ಬಸ್ಸಿನಲ್ಲಿ ಕೂತರೆ ಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು, ಮನೆಯಲ್ಲಿ ಕೂತರೆ ಬಸ್ಸು ತಪ್ಪೀತೆಂದು.

ಬಸವನ ಬಾಗೇವಾಡಿಯ ದೊಡ್ಡಪ್ಪ ಒಂದೇ ಮಾತಿನಲ್ಲಿ ಮುಗಿಸಿದರು. "ಕೊರಳಾಗ ಲಿಂಗ ಇದ್ದವರಿಗೆ ಸೂತಕ ಎಲ್ಲಿಂದ ಬರತೈತೊ? ಶರಣರು ಯಾವಾಗೋ ಕಿತ್ತು ಒಗದಾರ. ಮದುವಿ ನಡೀಲಿ."

ನನಗಷ್ಟು ಸಾಲಲಿಲ್ಲ. ಪಂಚಾಂಗ ನೋಡುವ ಇಬ್ಬರನ್ನು ಗುಟ್ಟಾಗಿ ಕೇಳಿದೆ. ಒಬ್ಬರು ಮದುವೆ ಮುಂದಕ್ಕೆ ಹಾಕಿರಿ ಎಂದರು. ಇನ್ನೊಬ್ಬರು ಅಷ್ಟು ದೂರದ ಸಂಬಂಧಕ್ಕೆ ಏನೂ ಇಲ್ಲ ಎಂದರು. ಎರಡನೆಯವರೇ ಹೆಚ್ಚು ಓದಿಕೊಂಡವರೆಂದು ನನಗೆ ತಕ್ಷಣ ಖಾತ್ರಿಯಾಯಿತು.

ಮದುವೆ ಚೆಂದ ನಡೆಯಿತು. ಮಧ್ಯಾಹ್ನ ಮಗಳನ್ನು ಕಳಿಸಿಕೊಡುವ ಮುನ್ನ ಉಡಿ ತುಂಬಲು ಮುತ್ತೈದೆಯರು ಸೇರಿದರು. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಹರಸುವ ಶಾಸ್ತ್ರ. ಮಗಳು ಸೆರಗು ಒಡ್ಡದೆ ಕೂತಳು.

"ಮೊದಲ ಅತ್ತಿ ತುಂಬಲಿ."

ಅತ್ತಿ ಎಂದರೆ ನನ್ನ ಅಕ್ಕ. ಸಿಂದಗಿಯ ಅವಳ ಮನೆಯಲ್ಲೇ ಇದ್ದು ಮಗಳು ಸಾಲಿ, ಕಾಲೇಜು ಮುಗಿಸಿದವಳು. ಗಂಡ ಹೋದ ಮೇಲೆ ಅಕ್ಕ ಇಂಥ ಹೊತ್ತಿನಲ್ಲಿ ತಾನಾಗಿಯೇ ಅಡುಗೆಮನೆ ಸೇರುತ್ತಾಳೆ. ಅಂದೂ ಅಲ್ಲೇ ಕೂತು ಬುತ್ತಿ ಕಟ್ಟುತ್ತಿದ್ದಳು.

"ಹಟ ಮಾಡಬ್ಯಾಡವ್ವ," ಅಲ್ಲಿಂದಲೇ ಅಂದಳು. "ನಾ ಮುಟ್ಟಬಾರದು. ನಾಳೆ ನಿನಗ ಏನರ ಆದ್ರ ನಾ ಉಳೀತೇನೇನು?"

"ಏನೂ ಆಗೂದಿಲ್ಲ. ನೀ ತುಂಬದಿದ್ರ ಖಾಲಿ ಉಡೀಲೆ ಹೋಗ್ತೇನಿ."

ವಿಧವೆ ತುಂಬಿದ ಉಡಿ, ಖಾಲಿ ಉಡಿ: ಯಾವುದು ಹೆಚ್ಚು ಅಪಶಕುನವೋ ತಿಳಿಯದೆ ನಾನು ದೊಡ್ಡಪ್ಪನ ಕಡೆ ನೋಡಿದೆ.

"ಪದ್ಧತಿ ಅನ್ನೂದು ಇರತೈತವ್ವ," ಎಂದರು ಅವರು ಮಗಳಿಗೆ, ಮೆತ್ತಗೆ.

"ದೊಡ್ಡಪ್ಪಾರ, ಶರಣರು ಸೂತಕ ಕಿತ್ತು ಒಗದಾರಂದ್ರಿ," ಎಂದೆ. ಅಂದ ಮೇಲೆ ನನಗೇ ಹೆದರಿಕೆಯಾಯಿತು. "ಇದೊಂದು ಇಟ್ಕೊಂಡಾರೇನ್ರಿ?"

"ಸೂತಕ ಬ್ಯಾರೆ, ಉಡಿ ಬ್ಯಾರೆ."

"ಹೆಂಗ ಬ್ಯಾರೆ ರಿ?"

ಅವರ ಕೈ ಕೊರಳಿನ ಲಿಂಗದ ಮೇಲೆ ಹೋಯಿತು. ಸುಳ್ಳು ಹೇಳುವವರಲ್ಲ. ತಮ್ಮ ತಾಯಿಯೂ ಹೀಗೇ ಒಳಗೆ ಉಳಿದದ್ದನ್ನು ನೋಡಿ ಬೆಳೆದವರು.

"ನೀ ವಕೀಲ ಆಗಬೇಕಿತ್ತು. ಮಾಸ್ತರ ಆಗಿ ಕೆಟ್ಟಿ," ಎಂದರು ಕೊನೆಗೆ. ಆಮೇಲೆ ಅಡುಗೆಮನೆಯತ್ತ ತಿರುಗಿ, "ಬಾರವ್ವ, ಬೀಗರು ಕಾಯಾಕತ್ತಾರ."

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ಅವಳೂ ತನ್ನದೊಂದು ಗೆರೆ ಎಳೆದಳು: "ಕುಂಕುಮ ಮಾತ್ರ ನಾ ಹಚ್ಚಂಗಿಲ್ಲ. ವಿಭೂತಿ ಹಚ್ತೇನಿ."

ಮಗಳು ಹಣೆ ಒಡ್ಡಿದಳು, ಆಮೇಲೆ ಸೆರಗು. ಅಕ್ಕ ಬೊಗಸೆ ತುಳುಕುವಷ್ಟು ಅಕ್ಕಿ ಎತ್ತಿಕೊಂಡು ಸುರಿಯತೊಡಗಿದಳು. ಒಂದು ಕಾಳೂ ನೆಲಕ್ಕೆ ಬೀಳದಿರಲೆಂದು ನಾನು ಶರಣರನ್ನೂ ಮನೆದೇವರನ್ನೂ ಒಟ್ಟಿಗೇ ಬೇಡಿಕೊಂಡೆ. ಬಿದ್ದವು. ಆರಿಸಲು ಬಗ್ಗಿದೆ.

"ಇರಲಿ ಬಿಡೊ," ಅಂದಳು ಅಕ್ಕ, ಮಗಳ ಸೆರಗು ಗಂಟು ಹಾಕುತ್ತ. "ಗುಬ್ಬಿ ತಿಂತಾವ."