ಡ್ರೈವರಣ್ಣ ಮದರಾಸಿನ ರೇಸು ನೋಡಿದ್ದು

ಅವರ ಬಲಗೈ ಮೊಣಕೈತನಕ ಕರ್ರಗೆ ಸುಟ್ಟಿತ್ತು, ಎಡಗೈ ಗೋಧಿ ಬಣ್ಣ. ಇಪ್ಪತ್ತು ವರ್ಷ ಬಸ್ಸಿನ ಕಿಟಕಿಯ ಮೇಲೆ ಬಲಗೈ ಇಟ್ಟು ಬಿಸಿಲುಂಡವರು. ಹಿರೇಕೆರೂರು–ಹಾವೇರಿ ಬಸ್ಸಿಗೆ ಅವರು ಡ್ರೈವರು, ನಾನು ಕಂಡಕ್ಟರು. ಊರಿಗೆಲ್ಲ ಅವರು ಡ್ರೈವರಣ್ಣ.

ಎಂಥ ನಿಧಾನ ಅಂತೀರಿ! ಹಂಸಭಾವಿ ಬಂತೆಂದರೆ ಕೋಳಿಮರಿಗೂ ಬ್ರೇಕು. ಚಕ್ಕಡಿಯವರೇ "ನೀವು ಮುಂದ ಹೋಗ್ರಿ ಅಣ್ಣಾರ" ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿ. ಲೈಸೆನ್ಸು ಕಿಸೆಯಲ್ಲಿತ್ತು; ಬಸ್ಸಿನ ಮಾಲಕರಿಗೆ ಅವರು ಒಂದು ಮಾತು ಹೇಳಿದರೆ ನಾನೂ ಡ್ರೈವರಾಗುತ್ತಿದ್ದೆ. ಹೇಳಲೊಲ್ಲರು. "ನಿನಗಿನ್ನೂ ಅವಸರ ಭಾಳ, ತಮ್ಮಾ. ತಾಳಿದವನು ಬಾಳಿಯಾನು."

ಗಾಡಿ ಓಡಿಸುವುದೆಂದರೇನು ಎಂದು ಇವರಿಗೆ ತೋರಿಸಿಯೇ ಬಿಡಬೇಕೆಂಬ ಹಟಕ್ಕೆ ಬಿದ್ದೆ. ಕಾಡಿ ಬೇಡಿ ರಜೆ ಹಾಕಿಸಿ ಮದರಾಸಿಗೆ ಕರೆದೊಯ್ದೆ. ಅಲ್ಲಿ ಊರಾಚೆ, ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿಯ ಮೇಲೆ, ಪೇಪರಿನಲ್ಲೆಲ್ಲ ಹೆಸರಾದ ಮೋಟಾರು ರೇಸು. ಕಾರುಗಳು ಚೀರುತ್ತ ಹೋದಾಗೆಲ್ಲ ನಾನು ಸಿಳ್ಳೆ ಹೊಡೆದೆ. ಪಕ್ಕದಲ್ಲಿ ಅವರ ಬಲಗಾಲು ಪ್ರತಿ ತಿರುವಿಗೂ ಬ್ರೇಕು ಒತ್ತಿದಂತೆ ನೆಲ ಒತ್ತುತ್ತಿತ್ತು. ಒಂದು ಕಾರು ಗಿರ್ರನೆ ತಿರುಗಿ ಹುಲ್ಲಿಗೆ ಹೋಗಿ ನಿಂತಿತು. ಓಡಿಸಿದವನು ಇಳಿದು ಧೂಳು ಕೊಡವಿಕೊಂಡ. ಜನ ಚಪ್ಪಾಳೆ ತಟ್ಟಿದರು.

ಡ್ರೈವರಣ್ಣ ಅಳುತ್ತಿದ್ದರು.

"ಹಾದ್ಯಾಗ ಯಾರೂ ಅಡ್ಡ ಬರೂದಿಲ್ಲ ನೋಡಿಲ್ಲೆ," ಅಂದರು. ಆಮೇಲೆ, ನನ್ನ ಮುಖ ನೋಡದೆ: "ಹುಲಗೂರ ಹಾದ್ಯಾಗ ಒಂದು ಕೂಸು ಅಡ್ಡ ಬಂತೋ. ಆಗ ನನಗ ನಿನ್ನ ವಯಸ್ಸು, ಜೋರು ಹೊಡದಿದ್ದೆ. ಉಳೀಲಿಲ್ಲ ಅದು. ಕೋರ್ಟಿನ್ಯಾಗ ಬಿಟ್ರು. ಅದರವ್ವ ನನಗ ಒಂದ ಮಾತು ಬೈಲಿಲ್ಲ. ಬೈದಿದ್ರ ಛಲೋ ಇತ್ತು."

ಸಿಳ್ಳೆ ಹೊಡೆದದ್ದಕ್ಕೆ ನನಗೆ ನಾಚಿಕೆಯಾಯಿತು. ರೇಸು ಮುಗಿಯುವ ಮೊದಲೇ ಎದ್ದು ಬಂದೆವು. ಊರಿಗೆ ಬಂದ ಮೂರು ತಿಂಗಳಿಗೆ ಅವರೇ ಮಾಲಕರ ಹತ್ತಿರ ಹೋಗಿ, "ಇವಗ ಗಾಡಿ ಕೊಡ್ರಿ, ಈಗ ಅಡ್ಡಿಯಿಲ್ಲ" ಎಂದರು.

ಕೆಲವು ವರ್ಷದ ಮೇಲೆ ಅವರು ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿಕೊಂಡರು. ಹಿರೇಕೆರೂರಿಗೆ ಅವರನ್ನು ತಂದ ಗಾಡಿ ಓಡಿಸಿದವನು ನಾನೇ. ಬೀಗರೊಬ್ಬರು ಹಿಂದಿನಿಂದ ಒಂದೇ ಸಮ, "ಮಣ್ಣಿಗೆ ಹೊತ್ತಾಗ್ತೈತಿ, ಜೋರು ಹೊಡಿಯೋ ಮಾರಾಯಾ" ಅನ್ನುತ್ತಿದ್ದರು. ಶಿಗ್ಗಾಂವಿಯಲ್ಲಿ ಸಾಲಿ ಬಿಟ್ಟಿತ್ತು. ಮಕ್ಕಳು ರಸ್ತೆ ದಾಟುತ್ತಿದ್ದವು. ನಿಲ್ಲಿಸಿದೆ. ಬೀಗರು ಮುಂದೆ ಬಾಗಿ ಹಾರ್ನಿಗೆ ಕೈ ಹಾಕಿದರು.

ಡ್ರೈವರಣ್ಣನ ಹೆಂಡತಿ ಹೆಣದ ಪಕ್ಕದಿಂದ ತಲೆಯೆತ್ತಿದರು. "ಹಾರ್ನು ಬ್ಯಾಡ್ರಿ," ಅಂದರು. "ಕೂಸುಗೋಳು ದಾಟ್ಲಿ. ಇವರಿಗೇನೂ ಅವಸರಿಲ್ಲ."

ಕಡೆಯ ಹುಡುಗಿ ದಾಟಿದ ಮೇಲೂ ನನಗೆ ಗಾಡಿ ಮುಂದೆ ಬಿಡಲಾಗಲಿಲ್ಲ. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.