ಮಾತ್ರೆಯ ಮೇಲೆ ಮತ್ಸರ

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತಾರು ವರ್ಷ ನಿಂತರೆ ಕಾಲು ಊದುತ್ತದೆ, ಮನುಷ್ಯರ ಬಗ್ಗೆ ಇದ್ದ ಭ್ರಮೆ ಇಳಿಯುತ್ತದೆ. ನಮ್ಮ ಬೀದಿಯ ಮಾತ್ರೆ ಅತ್ತೆಗೆ ಎರಡೂ ಆಗಿತ್ತು. ಡಾಕ್ಟರರ ಕೈಬರಹವನ್ನು ಡಾಕ್ಟರರಿಗೇ ಓದಿ ಹೇಳಬಲ್ಲ ಹೆಂಗಸು. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಸೈಡ್ ಎಫೆಕ್ಟ್ ಓದ್ಕೊಂಡಿದ್ದೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಮಧ್ಯಾಹ್ನ ಒಂದಕ್ಕೆ ಅಂಗಡಿಯ ಪಾಳಿ ಮುಗಿದರೆ ಅವಳ ಎರಡನೇ ಪಾಳಿ ತಮ್ಮನ ಮನೆಯಲ್ಲಿ. ತಮ್ಮ ಬಸ್ಸು ಓಡಿಸುತ್ತಿದ್ದ, ಅವನ ಹೆಂಡತಿ ಕನ್ನಡಕದ ಅಂಗಡಿಯಲ್ಲಿದ್ದಳು. ಅವರ ಮಗಳು ಚುಕ್ಕಿಗೆ ಆರು ವರ್ಷ. ಅವಳಿಗೆ ಆಟಿಸಂ. ಬಾಯಿಬಿಟ್ಟು ಏನನ್ನೂ ಕೇಳುತ್ತಿರಲಿಲ್ಲ. ಬಾಯಾರಿದರೆ ಅತ್ತೆಯ ಕೈಯನ್ನು ಹಿಡಿದು, ಇಕ್ಕಳದಂತೆ ಒಯ್ದು ಹೂಜಿಯ ಮೇಲಿಡುತ್ತಿದ್ದಳು. ಅತ್ತೆ ಮೂರು ವರ್ಷದಿಂದ ಒಂದೇ ಪಾಠ ಹಿಡಿದಿದ್ದಳು. ಲೋಟ ಎತ್ತಿ ಹಿಡಿದು "ನೀ…" ಎಂದು ನಿಲ್ಲಿಸುವುದು, ಮನಸ್ಸಿನಲ್ಲಿ ಹತ್ತು ಎಣಿಸುವುದು, "ರು" ಬಾರದಿದ್ದರೂ ನಗುತ್ತ ಕುಡಿಸುವುದು. ದಿನಕ್ಕೆ ಹತ್ತು ಸಲ.

ಅಷ್ಟರಲ್ಲಿ ಮಕ್ಕಳ ಆಸ್ಪತ್ರೆಯಲ್ಲಿ ಒಂದು ಪರೀಕ್ಷೆ ಶುರುವಾಯಿತು. ಮುದುಕರ ಕಾಲಿನ ಬಾವು ಇಳಿಸಲು ಕೊಡುವ, ಮೂತ್ರ ಹೋಗಿಸುವ ಹಳೆಯ ಮಾತ್ರೆಯೊಂದು ಆಟಿಸಂ ಇರುವ ಮಕ್ಕಳಿಗೆ ಉಪಯೋಗಕ್ಕೆ ಬಂದೀತೇ ಎಂದು ನೋಡುವ ಪರೀಕ್ಷೆ. ಹೆಸರು ಕೇಳಿ ಅತ್ತೆ ನಕ್ಕಳು.

"ನಮ್ಮ ಮೂರನೇ ಕಪಾಟಲ್ಲಿ ಬಿದ್ದಿರತ್ತಲ್ಲೋ ಅದು! ರಿಟೈರ್ ಆಗೋ ವಯಸ್ಸಲ್ಲಿ ಮೇಷ್ಟ್ರ ಕೆಲಸ ಸಿಕ್ತಾ ಅದಕ್ಕೆ?"

"ನಿನಗೇನಕ್ಕ ಕಷ್ಟ? ನೋಡೋಣ," ಎಂದು ತಮ್ಮ ಚುಕ್ಕಿಯ ಹೆಸರು ಬರೆಸಿದ.

ಅರ್ಧ ಮಕ್ಕಳಿಗೆ ನಿಜವಾದ ಮಾತ್ರೆ, ಉಳಿದರ್ಧಕ್ಕೆ ನೋಡಲು ಹಾಗೇ ಇರುವ ಸಪ್ಪೆ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ಮೊದಲ ದಿನವೇ ಚುಕ್ಕಿ ಏಳು ಸಲ ಬಚ್ಚಲಿಗೆ ಓಡಿದಾಗ ಅತ್ತೆಗೆ ಮಾತ್ರ ಗೊತ್ತಾಯಿತು. ಮಗುವಿನ ಜೊತೆ ಹೆಚ್ಚು ಹೊತ್ತು ಇರುವವರು ವಾರಕ್ಕೊಂದು ಹಾಳೆ ತುಂಬಿ, ಲಕೋಟೆ ಅಂಟಿಸಿ ಕಳಿಸಬೇಕು. ಬದಲಾವಣೆ ಇಲ್ಲದಿದ್ದರೆ ಸೊನ್ನೆ, ಚೆನ್ನಾಗಿದ್ದರೆ ನಾಲ್ಕು. ಆ ಕೆಲಸವೂ ಅತ್ತೆಯ ಪಾಲಿಗೇ ಬಂತು.

ಐದನೇ ವಾರ ಒಂದು ಸಂಜೆ, ತಂದೆತಾಯಿ ಇಬ್ಬರೂ ಮನೆಯಲ್ಲಿದ್ದಾಗ, ಚುಕ್ಕಿ ಹೂಜಿಯ ಎದುರು ನಿಂತು "ನೀರು" ಎಂದಳು.

ಅತ್ತೆ ಲೋಟ ತೆಗೆದುಕೊಂಡಳು. ಅದು ತುಂಬುವ ಮೊದಲೇ ತಮ್ಮ ಕೂಗಿದ: "ಮಾತ್ರೆ ಕೆಲಸ ಮಾಡ್ತು ಕಣೇ!"

ಅವನ ಹೆಂಡತಿ ಆಗಲೇ ತವರಿಗೆ ಫೋನು ಹಚ್ಚಿದ್ದಳು. "ಒಂದೇ ತಿಂಗಳಲ್ಲಿ ಅಮ್ಮಾ!"

"ಮೂರು ವರ್ಷ ಒಂದು ತಿಂಗಳು," ಎಂದಳು ಅತ್ತೆ, ಲೋಟಕ್ಕೆ.

"ಏನಂದ್ರಿ ಅತ್ತಿಗೆ?"

"ಏನಿಲ್ಲ. ಹೊಟ್ಟೆ ಉರಿ."

"ಮಾತ್ರೆ ತಗೊಳ್ಳಿ."

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ತಾನು ಸಾವಿರಾರು ಸಲ ಎತ್ತಿ ಹಿಡಿದ ಲೋಟವನ್ನು ಬಟಾಣಿ ಕಾಳಿನಷ್ಟಿಲ್ಲದ ಒಂದು ಬಿಳಿ ಬಿಲ್ಲೆ ಕಸಿದುಕೊಂಡಿತ್ತು. ಅಂಗಡಿಯಲ್ಲಿ ಆ ಡಬ್ಬಿ ಕಂಡರೆ ಸಾಕು, ಸವತಿಯನ್ನು ಕಂಡಂತೆ ಮುಖ ತಿರುಗಿಸುವಳು. ಕೊನೆಗೆ ಅದನ್ನು ಕಪಾಟಿನ ತೀರಾ ಕೆಳಗೆ, ಹುಳುಕಡ್ಡಿಯ ಮುಲಾಮಿನ ಪಕ್ಕ ಕೂರಿಸಿದಳು. ಆ ವಾರದ ಹಾಳೆಯಲ್ಲಿ, 'ಬೇಕಾದ್ದನ್ನು ಕೇಳುತ್ತದೆಯೇ' ಎಂಬಲ್ಲಿ, ಸೊನ್ನೆ ಬರೆದಳು. ಮುಂದಿನ ವಾರ ಇನ್ನೊಂದು ಸೊನ್ನೆ, ಮೊದಲಿನದಕ್ಕಿಂತ ದುಂಡಗೆ.

ಎಂಟನೇ ವಾರ ಡಾಕ್ಟರು ಮನೆಯವರೆಲ್ಲರನ್ನೂ ಕರೆಸಿದರು. ಚುಕ್ಕಿ ಪರೀಕ್ಷೆಯ ಮೇಜಿನ ಕೆಳಗೆ ಕೂತು ತನ್ನ ಬೂಟಿನ ಪಟ್ಟಿಯನ್ನು ಚರ್ರೆಂದು ಬಿಚ್ಚುವುದು, ಅಂಟಿಸುವುದು ಮಾಡುತ್ತಿದ್ದಳು. ಡಾಕ್ಟರು ಹಾಳೆಗಳನ್ನು ಮಗುಚಿದರು.

"ಏನೂ ಸುಧಾರಣೆ ಇಲ್ಲ. ಸುಮ್ನೆ ವಾರವಾರ ಸೂಜಿ ಚುಚ್ಚಿ ರಕ್ತ ತೆಗೆಯೋದ್ಯಾಕೆ? ಇವತ್ತಿಗೆ ನಿಲ್ಲಿಸಿಬಿಡೋಣ."

"ಮನೇಲಿ ನೀರು ಕೇಳ್ತಾಳೆ ಡಾಕ್ಟ್ರೇ," ಎಂದಳು ತಾಯಿ.

"ಆಸೆ ಇದ್ದಾಗ ಹಾಗನ್ಸತ್ತಮ್ಮ. ಹಾಳೆ ಹಾಗೆ ಹೇಳಲ್ಲ."

ಮಗಳ ಮಾತನ್ನು ತಾನೇ ಕಲ್ಪಿಸಿಕೊಂಡೆನೇನೋ ಎಂಬ ಅನುಮಾನ ತಾಯಿಯ ಮುಖದ ಮೇಲೆ ಇಳಿಯುವುದನ್ನು ಅತ್ತೆ ನೋಡಿದಳು. ಗೆದ್ದದ್ದು ಅತ್ತೆಯೇ, ಮಾತ್ರೆ ಗಂಟುಮೂಟೆ ಕಟ್ಟುತ್ತಿತ್ತು. ಆದರೆ ಅದು ಹೋಗುವಾಗ ಚುಕ್ಕಿ ಆಡಿದ ಮಾತನ್ನೂ ಸುಳ್ಳು ಮಾಡಿ ಹೋಗುತ್ತಿತ್ತು.

"ಹಾಳೆ ಸುಳ್ಳು," ಎಂದಳು ಅತ್ತೆ. "ಕೇಳ್ತಾಳೆ. ದಿನಾ ಕೇಳ್ತಾಳೆ. ನಾನೇ ಬೇಕಂತ ಸೊನ್ನೆ ಹಾಕ್ದೆ."

"ಯಾಕ್ರೀ?"

"ಹೊಟ್ಟೆಕಿಚ್ಚು."

"ಯಾರ ಮೇಲೆ?"

"ಮಾತ್ರೆ ಮೇಲೆ."

ಡಾಕ್ಟರು ಪೆನ್ನು ಎತ್ತಿದರು, ಅದನ್ನು ಯಾವ ಕಾಲಮಿನಲ್ಲಿ ಬರೆಯುವುದೆಂದು ತೋಚದೆ ಕೆಳಗಿಟ್ಟರು.

"ಈ ಮಗುವಿನ ಲೆಕ್ಕ ಪರೀಕ್ಷೆಗೆ ಇನ್ನು ಬರಲ್ಲ," ಎಂದರು ಡಾಕ್ಟರು ಕೊನೆಗೆ. "ಉಳಿದ ನಾಲ್ಕು ವಾರ ಮಾತ್ರೆ ಕೊಡೋಕೆ ಮೇಲಿನವರನ್ನ ಕೇಳ್ತೀನಿ. ಹಾಳೆ ತಾಯಿ ತುಂಬ್ಲಿ. ಮಾತ್ರೆ ಮಾತಾಡಿಸ್ತೋ, ನೀವು ಮಾತಾಡಿಸಿದ್ರೋ, ನನಗೂ ಗೊತ್ತಿಲ್ಲ ಅತ್ತೆಯವರೇ. ಅದನ್ನ ತಿಳ್ಕೊಳ್ಳೋಕೇ ಈ ಹಾಳೆ ಇದ್ದದ್ದು. ಹಾಳು ಮಾಡಿದ್ರಿ."

ಮರುದಿನ ಅತ್ತೆ ಎಂದಿನಂತೆ ಒಂದೂವರೆಗೆ ಹಾಜರಾದಳು. ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಸಂಜೆ ತಮ್ಮನ ಹೆಂಡತಿ ಪರ್ಸು ಕೂಡ ಇಳಿಸದೆ ಹಾಳೆ ಹರಡಿ, ಅದರ ಅಂಚಿನಲ್ಲಿ ದಿನದ ಲೆಕ್ಕ ಬರೆಯಲು ಕೂತಳು.

"ಎಷ್ಟು ಸಲ ಕೇಳಿದ್ಲು?" ದನಿಯಲ್ಲಿ 'ಅತ್ತಿಗೆ' ಇರಲಿಲ್ಲ.

"ಆರು. ಒಂದು ಸಲ ಹಾಲಿಗೂ ನೀರು ಅಂದ್ಲು."

"ಅದನ್ನ ಸೇರಿಸ್ಲಾ, ಬಿಡ್ಲಾ?"

ಆ ಹಾಲು ಅರ್ಧಕ್ಕರ್ಧ ನೀರೇ ಎಂದು ಅತ್ತೆಯ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಬಿಡು," ಎಂದಳು. "ಐದು ಬರಿ."